ಸುಣ್ಣಕ್ಕೆ ಕೆಂಪಾಗದ ಅರಿಶಿನ

(ಕಳಸದ ಸಮೀಪದ ಹಳ್ಳಿಯೊಂದರ ಶಾಲೆಯಲ್ಲಿ ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಹೊಳವಾದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಈ ತಗಡಿನ ಮಾಡಿನ ಕೆಳಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದೇನೆ, ಎರಡರಲ್ಲೂ ಹಳದಿ ನೀರಿದೆ. ಮುಂದಿನ ಸಾಲಿನಲ್ಲಿ ಕೂತ ಮಗು, ನೀನೇ ಬಾ. ಈ ಡಬ್ಬಿಯಲ್ಲಿ ಎಲೆಅಡಿಕೆಯ ಸುಣ್ಣ ಇದೆ. ಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ಮೊದಲ ತಟ್ಟೆಗೆ ಕದಡು. ಏನಾಯಿತು? ಕೆಂಪಾಯಿತು. ಹಿಂದಿನಿಂದ ಯಾರೋ ಅಮ್ಮ ‘ಆರತಿ ನೀರು’ ಅಂದರು. ಹೌದು, ಅದೇ. ಮದುವೆ ಮನೆಯಲ್ಲಿ ಗಂಡು ಹೆಣ್ಣು ಹೊಸ್ತಿಲಿಗೆ ಬಂದಾಗ ಅರಿಶಿನಕ್ಕೆ ಸುಣ್ಣ ಕದಡಿ ಎತ್ತುತ್ತೀರಲ್ಲ, ಅದೇ ಓಕುಳಿ. ಈಗ ಎರಡನೇ ತಟ್ಟೆಗೂ ಅಷ್ಟೇ ಸುಣ್ಣ ಹಾಕು. ಇನ್ನೊಂದಿಷ್ಟು ಹಾಕು, ಪರವಾಗಿಲ್ಲ. ಏನೂ ಆಗಲಿಲ್ಲ. ಹಳದಿ ಹಳದಿಯಾಗಿಯೇ ಉಳಿಯಿತು.

ಮೊದಲನೆಯದು ನಿಮ್ಮ ಹಿತ್ತಿಲ ಅರಿಶಿನ. ಎರಡನೆಯದು ಮರದರಿಶಿನ. ನಾನು ಇವತ್ತು ಮಾತಾಡಲು ಬಂದಿರುವುದು ಈ ಎರಡನೆಯದರ ಬಗ್ಗೆ.

ಅರಿಶಿನದ ಹಳದಿ ಕರ್ಕ್ಯುಮಿನ್ ಎಂಬ ವಸ್ತುವಿನದು. ಅದು ಎಣ್ಣೆಗೆ ಒಲಿಯುತ್ತದೆ, ನೀರಿಗೆ ಒಲಿಯುವುದಿಲ್ಲ. ಸುಣ್ಣದಂಥ ಕ್ಷಾರ ಸೋಕಿದರೆ ಕೆಂಪಾಗುತ್ತದೆ. ಮರದರಿಶಿನದ ಹಳದಿ ಬರ್ಬೆರಿನ್ ಎಂಬ ಆಲ್ಕಲಾಯ್ಡ್‌ನದು. ಬಿಸಿನೀರಿಗೆ ಸಲೀಸಾಗಿ ಇಳಿಯುತ್ತದೆ, ಸುಣ್ಣಕ್ಕೆ ಬಗ್ಗುವುದಿಲ್ಲ, ಮತ್ತೆ ನಾಲಿಗೆಗೆ ಇಟ್ಟರೆ ಮಧ್ಯಾಹ್ನದ ಊಟದವರೆಗೂ ಕಹಿ ಬಿಡುವುದಿಲ್ಲ. ಎರಡಕ್ಕೂ ಬಣ್ಣವೊಂದು ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ. ಒಂದು ಶುಂಠಿಯ ಕುಲದ ಗೆಡ್ಡೆ. ಇನ್ನೊಂದು, ನಿಮ್ಮ ಮನೆ ಹಿಂದಿನ ಕಾಡಿನಲ್ಲಿ ದೊಡ್ಡ ಮರಗಳ ನೆತ್ತಿಯವರೆಗೆ ಹತ್ತಿ ಹೋಗುವ ಬಳ್ಳಿ.

ಈಗ ಈ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಗ್ರಂಧಿಗೆ ಅಂಗಡಿಯಲ್ಲಿ ಬಹಳ ಹಿಂದೆ ಕೊಂಡದ್ದು. ಮೇಲೆ ಬೂದು ಮಿಶ್ರಿತ ಕಂದು ತೊಗಟೆ, ಉದ್ದಕ್ಕೂ ಗೀರು. ಅಡ್ಡ ಕೊಯ್ದ ಮುಖ ನೋಡಿ: ಗಾಡಿಯ ಚಕ್ರದ ಅರಗಳ ಹಾಗೆ ನಡುವಿನಿಂದ ಹೊರಗೆ ಹರಡಿದ ಗೆರೆಗಳು, ಗೆರೆಗಳ ನಡುವೆ ಬರಿಗಣ್ಣಿಗೂ ಕಾಣುವ ತೂತುಗಳು. ಬಳ್ಳಿಗಳ ಕಾಂಡವೇ ಹಾಗೆ. ಮರ ತನ್ನ ಭಾರ ತಾನೇ ಹೊರಬೇಕು, ಅದಕ್ಕೇ ಗಟ್ಟಿ ದಿಮ್ಮಿ ಕಟ್ಟುತ್ತದೆ. ಬಳ್ಳಿ ಆ ಖರ್ಚನ್ನು ಉಳಿಸಿಕೊಳ್ಳುತ್ತದೆ. ಕಡಿಮೆ ಕಟ್ಟಿಗೆ, ಅಗಲ ಕೊಳವೆ. ಆ ಕೊಳವೆಗಳಲ್ಲೇ ನೆಲದ ನೀರು ಮರದ ನೆತ್ತಿಯ ಎಲೆಗಳಿಗೆ ಏರಬೇಕು.

ಇದರ ಸಸ್ಯಶಾಸ್ತ್ರೀಯ ಹೆಸರು ಕೊಸ್ಸಿನಿಯಮ್ ಫೆನೆಸ್ಟ್ರೇಟಮ್. ಜರ್ಮನಿಯ ಗೇರ್ಟ್ನರ್ 1788ರಲ್ಲಿ ಹಣ್ಣು-ಬೀಜಗಳ ಬಗ್ಗೆಯೇ ಬರೆದ ದೊಡ್ಡ ಗ್ರಂಥದಲ್ಲಿ ಇದಕ್ಕೆ ಫೆನೆಸ್ಟ್ರೇಟಮ್, ಅಂದರೆ ಕಿಟಕಿಗಳುಳ್ಳದ್ದು ಎಂದು ಹೆಸರಿಟ್ಟ. ಕೊಸ್ಸಿನಿಯಮ್ ಎಂದರೆ ಪುಟ್ಟ ಜರಡಿ. ಆ ಹೆಸರು ಕೊಟ್ಟವನು ಕೋಲ್‌ಬ್ರೂಕ್, ಭಾಸ್ಕರಾಚಾರ್ಯನ ಲೀಲಾವತಿಯನ್ನು ಇಂಗ್ಲಿಷಿಗೆ ತಂದ ಅದೇ ಸಂಸ್ಕೃತ ವಿದ್ವಾಂಸ. ಲೆಕ್ಕದ ಪುಸ್ತಕ ಅನುವಾದಿಸಿದ ಕೈಯೇ ನಮ್ಮ ಕಾಡಿನ ಬಳ್ಳಿಗೂ ಹೆಸರು ಬರೆಯಿತು ಎಂದು ಓದಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಕುಲದ ಮಾತು ಹೇಳಿದರೆ ನಿಮಗೆ ಇದು ದೂರದ್ದು ಅನ್ನಿಸುವುದಿಲ್ಲ. ಅಮೃತಬಳ್ಳಿ ಇದರ ದಾಯಾದಿ. ಬೇಸಿಗೆಯಲ್ಲಿ ಎಲೆ ಕಿವುಚಿ ಸೋಸಿಟ್ಟರೆ ಹಸಿರು ಗಟ್ಟಿಯಾಗಿ ಹೆಪ್ಪುಗಟ್ಟುತ್ತದಲ್ಲ, ಆ ಹಾಡೆಬಳ್ಳಿ ಇದೇ ಮನೆಯದು. ಬಯಲುಸೀಮೆಯ ಬೇಲಿಗಳಲ್ಲಿ ಹಬ್ಬುವ ದಾಗಡಿಬಳ್ಳಿಯೂ ಇದೇ ಮನೆಯದು. ಈ ಕುಲದ ಎಷ್ಟೋ ಬಳ್ಳಿಗಳ ಬೀಜ ಬಿದಿಗೆಯ ಚಂದ್ರನ ಹಾಗೆ ಬಾಗಿರುತ್ತದೆ, ಅದಕ್ಕೇ ಚಂದ್ರಬೀಜದ ಕುಟುಂಬ ಎಂಬ ಅರ್ಥದ ಹೆಸರು ಬಂದಿದೆ. ಮರದರಿಶಿನದ ಎಲೆಯೂ ಹೃದಯದಾಕಾರದ್ದೇ, ಆದರೆ ಅಮೃತಬಳ್ಳಿಗಿಂತ ಬಹಳ ದೊಡ್ಡದು, ದಪ್ಪ. ತಿರುಗಿಸಿ ನೋಡಿದರೆ ಅಡಿಭಾಗ ಬೆಳ್ಳಗೆ, ನಯವಾದ ರೋಮ. ತೊಟ್ಟಿನ ಎರಡು ತುದಿಯೂ ಗಂಟಿನ ಹಾಗೆ ಉಬ್ಬಿರುತ್ತದೆ. ಹೂ ಸಣ್ಣವು, ಪುಟ್ಟ ಚೆಂಡುಗಳಾಗಿ ಕಾಂಡದ ಮೇಲೇ ಬರುತ್ತವೆ. ಹಣ್ಣು ನೆಲ್ಲಿಕಾಯಿ ಗಾತ್ರ, ಮೈಮೇಲೆ ಕಂದು ರೋಮ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಕಾಕಮಾರಿ ಎಂಬ ಇನ್ನೊಂದು ದೊಡ್ಡ ಬಳ್ಳಿ ಇದೇ ಕುಲದಲ್ಲಿದೆ. ಕಾಯಿ ಅರೆದು ಹೊಳೆಗೆ ಹಾಕಿ ಮೀನು ಅಮಲೇರಿಸುತ್ತಿದ್ದರಲ್ಲ, ಅದೇ. ಅದರ ಬೀಜದಲ್ಲಿ ಪಿಕ್ರೊಟಾಕ್ಸಿನ್ ಎಂಬ, ಸೆಳವು ತರಿಸುವ ವಿಷ ಇದೆ. ಒಣಗಿದ ಕಾಂಡದ ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. ನಾನೂ ಮೋಸ ಹೋಗಿದ್ದೇನೆ. ಆದ್ದರಿಂದ ಕಾಡಿನಿಂದ ತಂದ ಹಳದಿ ತುಂಡೆಲ್ಲ ಮರದರಿಶಿನ ಎಂದು ಯಾರೂ ಕಷಾಯಕ್ಕೆ ಇಡಬೇಡಿ.

ಇನ್ನು ಹೆಸರಿನ ವಿಷಯ. ಸಂಸ್ಕೃತದಲ್ಲಿ ದಾರುಹರಿದ್ರಾ. ದಾರು ಅಂದರೆ ಮರ, ಹರಿದ್ರಾ ಅಂದರೆ ಅರಿಶಿನ. ಆಯುರ್ವೇದದ ಶ್ಲೋಕಗಳಲ್ಲಿ ‘ನಿಶಾದ್ವಯ’ ಎಂದು ಬಂದರೆ ಎರಡು ಅರಿಶಿನ, ಅರಿಶಿನ ಮತ್ತು ದಾರುಹರಿದ್ರಾ, ಎಂದು ವೈದ್ಯರು ಅರ್ಥ ಮಾಡಿಕೊಳ್ಳುತ್ತಾರೆ. ಚರಕ ಸಂಹಿತೆಯಲ್ಲಿ ಮೂಲವ್ಯಾಧಿಗೆ ಹೇಳಿದ ಗುಂಪಿನಲ್ಲಿ ಇದಿದೆ, ತುರಿಕೆಗೆ ಹೇಳಿದ ಗುಂಪಿನಲ್ಲಿ ಇದೆ, ಮೈಯ ಕೊಬ್ಬು ಕೆರೆದು ತೆಗೆಯುವ ಲೇಖನೀಯ ಗುಂಪಿನಲ್ಲೂ ಇದೆ. ಆದರೆ ಆ ಗ್ರಂಥಗಳ ದಾರುಹರಿದ್ರಾ ನಮ್ಮ ಬಳ್ಳಿಯಲ್ಲ. ಅದು ಹಿಮಾಲಯದ ಇಳಿಜಾರುಗಳಲ್ಲಿ ಬೆಳೆಯುವ ಮುಳ್ಳಿನ ಪೊದೆ, ಬರ್ಬೆರಿಸ್. ಅದರ ಬೇರು-ಕಾಂಡ ಕುದಿಸಿ ಬತ್ತಿಸಿದ ಸಾರವೇ ಕಣ್ಣಿಗೆ ಹಚ್ಚುತ್ತಿದ್ದ ರಸಾಂಜನ.

ಹಾಗಾದರೆ ಇದು ಹೇಗೆ ಆ ಹೆಸರು ಪಡೆಯಿತು? ತೆಂಕಣದ ವೈದ್ಯರಿಗೆ ಹಿಮಾಲಯ ದೂರ. ಶ್ಲೋಕದಲ್ಲಿ ಹೇಳಿದ ಗುಣ, ಬಣ್ಣ, ಕಹಿ ಇರುವ ವಸ್ತುವನ್ನು ಅವರು ತಮ್ಮ ಕಾಡಿನಲ್ಲಿ ಹುಡುಕಿದರು, ಕಂಡುಕೊಂಡರು. ಕೇರಳದಲ್ಲಿ ಇವತ್ತಿಗೂ ದಾರುಹರಿದ್ರಾ ಎಂದರೆ ಮರಮಞ್ಞಳ್, ಅಂದರೆ ಈ ಬಳ್ಳಿ. ಆಶ್ಚರ್ಯ ಏನೆಂದರೆ, ಸಾವಿರ ಮೈಲಿಗೂ ಹೆಚ್ಚು ಆಚೀಚೆ ಇರುವ, ಬೇರೆಬೇರೆ ಕುಲದ ಈ ಎರಡು ಗಿಡಗಳಲ್ಲೂ ಇರುವ ಮುಖ್ಯ ಸತ್ವ ಒಂದೇ: ಬರ್ಬೆರಿನ್. ಪ್ರಯೋಗಾಲಯ ಇಲ್ಲ, ಯಂತ್ರ ಇಲ್ಲ. ನಾಲಿಗೆ, ಕಣ್ಣು ಮತ್ತು ರೋಗಿಯ ಮೇಲಿನ ನಿಗಾ, ಇಷ್ಟರಿಂದಲೇ ಅವರು ಅದನ್ನು ಹಿಡಿದರು. ಮನೆಮದ್ದು ಎಂದರೆ ಬರೀ ನಂಬಿಕೆ ಎಂದು ಹೇಳುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಮನೆಮದ್ದಿನಲ್ಲಿ ಎಲ್ಲವೂ ಸರಿ ಎನ್ನುವವರಿಗೆ ಕೊಡಬೇಕಾದ ಉದಾಹರಣೆಯೂ ಇದೇ ಬಳ್ಳಿಯಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಬಳ್ಳಿ ನಮ್ಮದು ಮಾತ್ರ ಅಲ್ಲ. ಶ್ರೀಲಂಕಾದಲ್ಲಿ ಇದು ವೆನಿವೆಲ್. ಅಲ್ಲಿ ಶೀತ ಜ್ವರ ಬಂದರೆ ಕೊತ್ತಂಬರಿ ಬೀಜದ ಜೊತೆ ವೆನಿವೆಲ್ ಚೂರು ಹಾಕಿ ಕುದಿಸಿ ಕುಡಿಯುವುದು ಮನೆಮನೆಯ ಕ್ರಮ. ವಿಯೆಟ್ನಾಮಿನ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ ‘ಹಳದಿ ಕಹಿ’. ಅಲ್ಲಿ ಬರ್ಬೆರಿನ್ ತೆಗೆಯುವ ಕಾರ್ಖಾನೆಗಳಿಗಾಗಿ ಕಾಡಿನಿಂದ ಈ ಬಳ್ಳಿಯನ್ನು ರಾಶಿರಾಶಿಯಾಗಿ ಕಡಿದರು, ಬಳ್ಳಿ ಅಪರೂಪವಾಯಿತು. ಇಂಗ್ಲೆಂಡಿನ ಔಷಧಿ ಅಂಗಡಿಗಳಲ್ಲಿ 19ನೇ ಶತಮಾನದಲ್ಲಿ ಕಲುಂಬಾ ಎಂಬ ಆಫ್ರಿಕಾದ ಬೇರಿಗೆ ಬಹಳ ಬೇಡಿಕೆ ಇತ್ತು. ಹೆಸರು ಕೇಳಿ ಅದು ಕೊಲಂಬೊದಿಂದ ಬರುತ್ತದೆ ಎಂದು ಜನ ತಪ್ಪು ತಿಳಿದಿದ್ದರು. ಆ ಗೊಂದಲದ ನಡುವೆ ಕೊಲಂಬೊದಿಂದ ನಮ್ಮ ಬಳ್ಳಿಯ ತುಂಡುಗಳೂ ಹಡಗು ಹತ್ತಿ ಹೋಗಿ ‘ಸುಳ್ಳು ಕಲುಂಬಾ’ ಎನ್ನಿಸಿಕೊಂಡವು.

ಈಗ ನಾನು ಹೇಳಲೇಬೇಕೆಂದು ಬಂದ ಮಾತಿಗೆ ಬರುತ್ತೇನೆ. ನೀವು ಕೈಯಿಂದ ಕೈಗೆ ದಾಟಿಸುತ್ತಿರುವ ಆ ತುಂಡಿಗೆ ಒಂದು ವಯಸ್ಸಿದೆ. ಅಂಗಡಿಯಲ್ಲಿ ತೂಕ ಕೇಳುತ್ತಾರೆ, ವಯಸ್ಸು ಯಾರೂ ಕೇಳುವುದಿಲ್ಲ.

ಮರದರಿಶಿನ ಬೀಜದಿಂದ ಹುಟ್ಟಿ ಹೂ ಬಿಡುವ ಹೊತ್ತಿಗೆ ಸುಮಾರು ಹದಿನೈದು ವರ್ಷ ಬೇಕು ಎಂಬುದು ಇದನ್ನು ಅಭ್ಯಾಸ ಮಾಡಿದವರ ಅಂದಾಜು. ಒಂದನೇ ತರಗತಿಗೆ ಸೇರಿದ ಮಗು ಡಿಗ್ರಿ ಮುಗಿಸುವ ಹೊತ್ತು. ಬೀಜ ಮೊಳೆಯುವುದೇ ತಿಂಗಳುಗಟ್ಟಲೆ ತಡ, ಮೊಳೆಯುವುದೂ ಕೆಲವೇ. ಮೊಳೆತದ್ದು ನೆರಳಿನಲ್ಲಿ ಕೂತು ಕಾಯುತ್ತದೆ. ಪಕ್ಕದಲ್ಲಿ ಒಂದು ಆಸರೆ ಸಿಕ್ಕರೆ, ಮೇಲೆ ಒಂದು ಬೆಳಕಿನ ಕಿಂಡಿ ತೆರೆದರೆ ಏರುತ್ತದೆ. ನಾನು ಮೊದಲು ನೋಡಿದಾಗ ಹೆಬ್ಬೆರಳ ದಪ್ಪ ಇದ್ದ ಒಂದು ಬಳ್ಳಿಯನ್ನು ಎಷ್ಟೋ ಮಳೆಗಾಲ ಕಳೆದು ಮತ್ತೆ ನೋಡಿದೆ. ಅಷ್ಟರಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದು ಇನ್ನೂ ಹೆಚ್ಚುಕಡಿಮೆ ಹೆಬ್ಬೆರಳೇ.

ಕಡಿಯುವವನು ಯಾವುದನ್ನು ಮೊದಲು ಕಡಿಯುತ್ತಾನೆ? ದಪ್ಪಗಿರುವುದನ್ನು. ತೂಕ ಅದರಲ್ಲೇ ಇರುವುದು. ದಪ್ಪಗಿರುವುದು ಯಾವುದು? ಹೂ ಬಿಡುವ ವಯಸ್ಸಿಗೆ ಬಂದದ್ದು. ಅಂದರೆ ಮನೆಯ ಹಿರಿಯರನ್ನೂ ಹೆರುವ ವಯಸ್ಸಿನವರನ್ನೂ ಮೊದಲು ಕರೆದೊಯ್ದು, ಮಕ್ಕಳನ್ನು ಬಿಟ್ಟು ಹೋದ ಹಾಗೆ. ಬುಡ ಉಳಿಸಿ ಮೇಲೆ ಕಡಿದರೆ ಮತ್ತೆ ಚಿಗುರುವುದುಂಟು. ಆದರೆ ಬೇರಿಗೂ ಬೆಲೆ ಇದೆಯಲ್ಲ, ಅಗೆದುಬಿಡುತ್ತಾರೆ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮರದರಿಶಿನದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಇಲ್ಲಿ ಜಾಯಿಕಾಯಿ ಹಾಕಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನಿಮಗೆ ನಾನು ಹೇಳಬೇಕಾಗಿಲ್ಲ. ಬೀಜದ ಸಸಿ ತಂದು ನೆಟ್ಟು, ಗೊಬ್ಬರ ಹಾಕಿ, ನೀರುಣಿಸಿ, ಆರೇಳು ವರ್ಷ ಕಾದು ಕೊನೆಗೆ ಹೂ ಬಂದಾಗ ‘ಇದು ಗಂಡು’ ಎಂದು ತಿಳಿದ ದಿನದ ಸಂಕಟ ನಿಮಗೆ ಗೊತ್ತು. ಅದಕ್ಕೇ ಈಗ ಕಸಿ ಗಿಡ ತರುತ್ತೀರಿ, ಹತ್ತಾರು ಹೆಣ್ಣಿಗೆ ಒಂದು ಗಂಡು ಬಿಡುತ್ತೀರಿ. ಕಾಡಿನಲ್ಲಿ ಆ ಲೆಕ್ಕ ಇಟ್ಟವರು ಯಾರು? ಹೂ ಬಿಡುವವರೆಗೆ ಮರದರಿಶಿನದ ಗಂಡು ಹೆಣ್ಣು ನೋಟಕ್ಕೆ ತಿಳಿಯುವುದಿಲ್ಲ. ಒಂದು ಗುಡ್ಡದಲ್ಲಿ ಹತ್ತು ಬಳ್ಳಿ ಇವೆ ಎಂದು ಪಟ್ಟಿಯಲ್ಲಿ ಬರೆದುಕೊಂಡು ನೆಮ್ಮದಿಯಿಂದ ಮನೆಗೆ ಬರಬಹುದು. ಆ ಹತ್ತೂ ಗಂಡಾಗಿದ್ದರೆ? ಅಲ್ಲಿ ಬಳ್ಳಿಗಳಿವೆ, ಸಂತಾನ ಇಲ್ಲ. ಒಂದು ಗಂಡು ಈ ಕಣಿವೆಯಲ್ಲಿ, ಒಂದು ಹೆಣ್ಣು ಆಚೆ ಕಣಿವೆಯಲ್ಲಿ, ನಡುವೆ ರಸ್ತೆ, ತೋಟ, ಬೋಳುಗುಡ್ಡ ಇದ್ದರೆ? ಪರಾಗ ಹೊರುವ ಹುಳು ಅಷ್ಟು ದೂರ ದಾಟಬೇಕು. ದಾಟದಿದ್ದರೆ ಎರಡೂ ಹಸಿರಾಗಿಯೇ ಇರುತ್ತವೆ, ನೋಡುವವರ ಕಣ್ಣಿಗೆ ಕಾಡು ಚೆನ್ನಾಗಿಯೇ ಕಾಣುತ್ತದೆ.

ಅಲ್ಲೊಬ್ಬರು ಕೇಳುತ್ತಿದ್ದಾರೆ: ‘ಮಾಸ್ತರೇ, ತುಂಡು ಊರಿದರೆ ಬರುವುದಿಲ್ಲವೇ, ಅಮೃತಬಳ್ಳಿಯ ಹಾಗೆ?’

ಒಳ್ಳೆಯ ಪ್ರಶ್ನೆ. ಅಮೃತಬಳ್ಳಿ ಕಡಿದು ಬೇಲಿಗೆ ಎಸೆದರೂ ಬದುಕುತ್ತದೆ, ಗಾಳಿಯಲ್ಲೇ ಬೇರು ಇಳಿಬಿಡುತ್ತದೆ. ಇದು ಅಷ್ಟು ಸುಲಭಕ್ಕೆ ಬೇರು ಕೊಡುವುದಿಲ್ಲ, ಪ್ರಯತ್ನಪಟ್ಟರೆ ಕೆಲವು ಬರುತ್ತವೆ. ಆದರೆ ಒಂದು ಬಳ್ಳಿಯಿಂದ ನೂರು ತುಂಡು ಊರಿ ನೂರೂ ಬದುಕಿದವು ಎಂದುಕೊಳ್ಳಿ. ತಾಯಿ ಬಳ್ಳಿ ಗಂಡಾದರೆ ನೂರೂ ಗಂಡು. ತೋಟದಲ್ಲಿ ಕಾಂಡಕ್ಕಾಗಿಯೇ ಬೆಳೆಯುವುದಾದರೆ ಅದು ನಡೆಯುತ್ತದೆ. ಕಾಡಿಗೆ ವಾಪಸು ಕೊಡುತ್ತೇವೆ ಎಂದು ನೆಟ್ಟರೆ ನಾವು ಕಾಡಿಗೆ ಕೊಟ್ಟದ್ದು ಒಂದೇ ಬಳ್ಳಿಯನ್ನು, ನೂರು ಜಾಗದಲ್ಲಿ. ಗಂಡು ಹೆಣ್ಣು ಎರಡೂ ಬೇಕು, ಬೇರೆಬೇರೆ ತಾಯಂದಿರ ಮಕ್ಕಳು ಬೇಕು. ಅದಕ್ಕೆ ಬೀಜವೇ ದಾರಿ, ತಡವಾದರೂ.

ಇನ್ನೊಂದು ಹಳೆಯ ಕಥೆ ಹೇಳಬೇಕು. ನನ್ನ ತಂದೆ ಮಳೆಗಾಲ ಮುಗಿದ ಮೇಲೆ ಕೂಪಿನ ಕೆಲಸಕ್ಕೆ ಹೋಗುತ್ತಿದ್ದರು. ಪ್ಲೈವುಡ್ಡಿಗೆ, ರೈಲಿನ ಸ್ಲೀಪರಿಗೆ ಘಟ್ಟದ ಮರ ಕಡಿಯುತ್ತಿದ್ದ ಕಾಲ ಅದು. ಮರ ಕಡಿಯುವ ಮೊದಲು ಇನ್ನೊಂದು ಕೆಲಸ ಇರುತ್ತಿತ್ತು: ಬಳ್ಳಿ ಸವರುವುದು. ದೊಡ್ಡ ಬಳ್ಳಿ ಮೂರ್ನಾಲ್ಕು ಮರಗಳನ್ನು ನೆತ್ತಿಯಲ್ಲಿ ಹೆಣೆದಿರುತ್ತದೆ, ಒಂದು ಬಿದ್ದರೆ ಉಳಿದವನ್ನೂ ಎಳೆಯುತ್ತದೆ, ಆಳುಗಳ ಜೀವಕ್ಕೆ ಅಪಾಯ. ಆ ಕಾರಣ ಸರಿ. ಆದರೆ ಕಡಿಯದೆ ಬಿಟ್ಟ ಮರಗಳ ಮೇಲಿನ ಬಳ್ಳಿಯನ್ನೂ ಸವರಿಸುತ್ತಿದ್ದರು. ಬಳ್ಳಿ ಮರವನ್ನು ಬಾಗಿಸುತ್ತದೆ, ಬೆಳಕು ಕದಿಯುತ್ತದೆ, ದಿಮ್ಮಿಯ ಬೆಲೆ ಇಳಿಸುತ್ತದೆ ಎಂಬ ಲೆಕ್ಕ. ಅಂದಿನ ಅರಣ್ಯಶಾಸ್ತ್ರದ ಪಾಠದಲ್ಲಿ ಬಳ್ಳಿ ಕಡಿಯುವುದು ಮರ ಬೆಳೆಸುವ ಕ್ರಮದ ಒಂದು ಭಾಗವಾಗಿಯೇ ಇತ್ತು. ತಂದೆ ಸಂಜೆ ಬಂದಾಗ ಕೆಲವು ದಿನ ಅವರ ಕತ್ತಿಯ ಅಲಗು ಹಳದಿಯಾಗಿರುತ್ತಿತ್ತು. ಅಂಗೈ ಹಳದಿ, ಪಂಚೆಯ ಅಂಚು ಹಳದಿ. ಅವ್ವ ಕೇಳಿದರೆ ‘ಮರದರಿಶಿನ ಸಿಕ್ಕಿತು’ ಅನ್ನುತ್ತಿದ್ದರು. ಆ ಬಳ್ಳಿ ತಂದು ಮಾರಿದ್ದಲ್ಲ, ಯಾರಿಗೂ ಔಷಧಿಯಾದದ್ದಲ್ಲ. ಕಡಿದಲ್ಲೇ ಒಣಗಿ ಹೋದದ್ದು. ಇವತ್ತು ಮರದರಿಶಿನ ಅಪರೂಪವಾದದ್ದಕ್ಕೆ ಬೇರು ಕೀಳುವವನನ್ನು ಮಾತ್ರ ಬೈಯುತ್ತಾರೆ. ನಾನು ಹಾಗೆ ಬೈಯಲಾರೆ. ಕಾಡೆಂದರೆ ದಿಮ್ಮಿ, ಬಳ್ಳಿಯೆಂದರೆ ಕಳೆ ಎಂಬ ಲೆಕ್ಕಾಚಾರದಲ್ಲಿ ಹೋದದ್ದು ಬಹಳ.

ಆ ಲೆಕ್ಕ ಎಷ್ಟು ಕುರುಡು ಎನ್ನುವುದಕ್ಕೆ ಸಿಂಗಳೀಕವನ್ನು ನೋಡಿ. ನೆಲಕ್ಕೆ ಇಳಿಯಲು ಒಲ್ಲದ ಪ್ರಾಣಿ. ಕೆಂಜಳಿಲು, ಕಾಡುಪಾಪ, ಇವೆಲ್ಲ ಮರದಿಂದ ಮರಕ್ಕೆ ಓಡಾಡುವ ಹಾದಿಯಲ್ಲಿ ಬಳ್ಳಿಯೂ ಒಂದು ಸೇತುವೆ. ಬಿರುಗಾಳಿಗೆ ಒಂಟಿ ಮರ ಅಲ್ಲಾಡುವುದಕ್ಕೂ ನಾಲ್ಕು ಮರ ಕೈ ಹಿಡಿದು ನಿಂತಂತೆ ಬಳ್ಳಿಯಿಂದ ಹೆಣೆದುಕೊಂಡು ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಜೂನ್ ತಿಂಗಳಲ್ಲಿ ಕುದುರೆಮುಖದ ಕಡೆಯ ಶೋಲೆ ಕಾಡಿನ ಅಂಚಿನಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ.

ಔಷಧಿಯ ವಿಷಯಕ್ಕೆ ಬರೋಣ. ಹೆಚ್ಚಿನವರು ಇದಕ್ಕೇ ಬಂದಿದ್ದೀರಿ ಎಂದು ಗೊತ್ತು.

ಗಾಯ, ಹುಣ್ಣು ತೊಳೆಯಲು ಇದರ ಕಷಾಯ ಬಳಸುವುದು ಹಳೆಯ ರೂಢಿ. ಚರ್ಮದ ಕಾಯಿಲೆ, ಜ್ವರ, ಮೂಲವ್ಯಾಧಿ, ಸಕ್ಕರೆ ಕಾಯಿಲೆ, ಕಾಮಾಲೆ, ಎಲ್ಲಕ್ಕೂ ಹಳ್ಳಿಗಳಲ್ಲಿ ಹೇಳುತ್ತಾರೆ. ಬರ್ಬೆರಿನ್ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆಮತ್ತೆ ಕಂಡ ಸಂಗತಿ. ಭೇದಿಗೆ ಅದನ್ನು ಔಷಧಿಯಾಗಿ ಬಳಸಿದ್ದಾರೆ. ರಕ್ತದ ಕೊಲೆಸ್ಟರಾಲ್ ಇಳಿಸುವ ಅದರ ಗುಣದ ಬಗ್ಗೆ, ಈಗಿನ ಮಾತ್ರೆಗಳಿಗಿಂತ ಬೇರೆಯೇ ದಾರಿಯಲ್ಲಿ ಅದು ಕೆಲಸ ಮಾಡುತ್ತದೆ ಎಂದು, 2004ರಲ್ಲಿ ಚೀನಾದ ವಿಜ್ಞಾನಿಗಳ ಮುಖ್ಯವಾದ ಸಂಶೋಧನೆ ಬಂತು. ಸಕ್ಕರೆ ಕಾಯಿಲೆಯಲ್ಲೂ ಪರೀಕ್ಷೆಗಳು ನಡೆದಿವೆ. ಆದರೆ ಬಾಯಿಂದ ತೆಗೆದುಕೊಂಡ ಬರ್ಬೆರಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತಿ ಅಲ್ಪ ಪಾಲು, ಉಳಿದದ್ದು ಕರುಳಲ್ಲೇ ಇದ್ದು ಹೋಗುತ್ತದೆ. 2023ರಲ್ಲಿ ಅಮೆರಿಕದ ಸಾಮಾಜಿಕ ಜಾಲತಾಣಗಳಲ್ಲಿ ಬರ್ಬೆರಿನ್‌ಗೆ ‘ನಿಸರ್ಗದ ಓಜೆಂಪಿಕ್’ ಎಂದು, ಅಂದರೆ ತೂಕ ಇಳಿಸಲು ಹೆಸರಾದ ಸಕ್ಕರೆ ಕಾಯಿಲೆಯ ಚುಚ್ಚುಮದ್ದಿನ ಹೆಸರು ಕಟ್ಟಿ, ತೂಕ ಇಳಿಸುವ ಗುಳಿಗೆಯಾಗಿ ಮೆರೆಸಿದರು. ಅಷ್ಟು ದೊಡ್ಡ ಮಾತಿಗೆ ತಕ್ಕ ಆಧಾರ ಇಲ್ಲ. ಬೇರೆ ಔಷಧಿಗಳನ್ನು ಲಿವರ್ ಅರಗಿಸುವ ಕೆಲಸಕ್ಕೂ ಇದು ಅಡ್ಡ ಬರುತ್ತದೆ. ಬಿಪಿ, ಸಕ್ಕರೆ, ಹೃದಯದ ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ಹೇಳದೆ ಇದನ್ನು ಶುರುಮಾಡಲೇಬಾರದು.

ಈಗ ನಾನು ಆಗ ಹೇಳಿದ ಎರಡನೇ ಉದಾಹರಣೆ. ಹಳದಿ ಕಾಯಿಲೆಗೆ ಹಳದಿ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಕಾಮಾಲೆಗೆ ಮರದರಿಶಿನ ಕೊಡುವುದರ ಹಿಂದೆ ಆ ಹೋಲಿಕೆಯೂ ಇದೆ. ಹುಟ್ಟಿದ ಮಗುವಿಗೆ ಎರಡು ಮೂರನೇ ದಿನ ಕಣ್ಣು, ಮೈ ಹಳದಿಯಾಗುವುದು ನೀವು ನೋಡಿದ್ದೀರಿ. ಆ ಹಳದಿ ಬಿಲಿರುಬಿನ್ ಎಂಬ ವಸ್ತುವಿನದು. ರಕ್ತದಲ್ಲಿ ಅದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅಂಟಿಕೊಂಡಿರುವವರೆಗೆ ಮಗುವಿನ ಮೆದುಳಿಗೆ ರಕ್ಷಣೆ. ಬರ್ಬೆರಿನ್ ಬಂದು ಬಿಲಿರುಬಿನ್ ಅನ್ನು ಆ ಜಾಗದಿಂದ ತಳ್ಳಿಬಿಡಬಲ್ಲದು. ಬಿಡುಗಡೆಯಾದ ಬಿಲಿರುಬಿನ್ ಮೆದುಳು ಸೇರಿದರೆ ಆಗುವ ಹಾನಿ ಜೀವನಪೂರ್ತಿ. ಬರ್ಬೆರಿನ್ ಇರುವ ಬೇರುಗಳನ್ನು ಶಿಶುಗಳಿಗೆ, ಬಾಣಂತಿಯರಿಗೆ ಕೊಡುವ ರೂಢಿಯಿದ್ದ ಸಿಂಗಾಪುರದಲ್ಲಿ 1978ರಲ್ಲಿ ಅದನ್ನು ನಿಷೇಧಿಸಿ ದಶಕಗಳ ಕಾಲ ಆ ನಿಷೇಧ ಉಳಿಸಿಕೊಂಡದ್ದು ಈ ಭಯದಿಂದಲೇ. ಆದ್ದರಿಂದ ಅಮ್ಮಂದಿರೇ, ಅಜ್ಜಿಯಂದಿರೇ, ಕೈಮುಗಿದು ಕೇಳುತ್ತೇನೆ. ಬಸುರಿಗೆ ಬೇಡ, ಹಸಿ ಬಾಣಂತಿಗೆ ಬೇಡ, ಹಳದಿಯಾದ ಹಸುಗೂಸಿಗೆ ಒಂದು ತೊಟ್ಟೂ ಬೇಡ. ಮಗುವನ್ನು ಆಸ್ಪತ್ರೆಗೆ ತೋರಿಸಿ. ನೀಲಿ ದೀಪದ ಕೆಳಗೆ ಮಲಗಿಸುವ ಆ ಚಿಕಿತ್ಸೆ ಸರಳವಾದದ್ದು, ಒಳ್ಳೆಯದು.

ನೀಲಿ ದೀಪ ಎಂದಾಗ ನೆನಪಾಯಿತು, ಲೈಟು ಆರಿಸಿ ಒಂದು ಕ್ಷಣ. ಅಂಗಡಿಯಲ್ಲಿ ಕಳ್ಳನೋಟು ಪರೀಕ್ಷಿಸುವ ಸಣ್ಣ ದೀಪ ತಂದಿದ್ದೇನೆ. ತುಂಡು ಈಗ ಯಾರ ಕೈಯಲ್ಲಿದೆ? ಇಲ್ಲಿ ತನ್ನಿ. ನೋಡಿ, ಕೊಯ್ದ ಮುಖ ಹೇಗೆ ಹೊಳೆಯುತ್ತಿದೆ. ಬರ್ಬೆರಿನ್ ಈ ಬೆಳಕಿಗೆ ಹೀಗೆ ಮಿನುಗುತ್ತದೆ. ನಿಮ್ಮ ಬೆರಳುಗಳನ್ನೂ ಚಾಚಿ, ತುಂಡು ಮುಟ್ಟಿದವರ ಬೆರಳಿನಲ್ಲೂ ಚುಕ್ಕಿ ಕಾಣುತ್ತದೆ. ರೇಷ್ಮೆ, ಉಣ್ಣೆಗೆ ಈ ಬಣ್ಣ ನೇರವಾಗಿ ಹತ್ತುತ್ತದೆ. ಹತ್ತಿ ಬಟ್ಟೆಗೆ ಅಳಲೆಕಾಯಿಯಂಥ ಒಗರು ವಸ್ತು ಮೊದಲು ಕುಡಿಸಬೇಕು. ಸಾಕು, ಲೈಟು ಹಾಕಿ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಕಾಡಿನಿಂದ ಕಿತ್ತ ಮರದರಿಶಿನವನ್ನು ಹೊರದೇಶಕ್ಕೆ ಕಳಿಸುವುದನ್ನು ಕೇಂದ್ರ ಸರ್ಕಾರ 1998ರ ಪಟ್ಟಿಯಲ್ಲೇ ನಿಷೇಧಿಸಿದೆ, ಆ ಪಟ್ಟಿಯಲ್ಲಿ ಸರ್ಪಗಂಧಿ, ರಕ್ತಚಂದನಗಳ ಜೊತೆ ಇದೂ ಇದೆ. ದಕ್ಷಿಣದ ರಾಜ್ಯಗಳಲ್ಲಿ ತಜ್ಞರು ಕೂತು ಔಷಧಿ ಸಸ್ಯಗಳ ಸ್ಥಿತಿ ಅಳೆದಾಗ ಕರ್ನಾಟಕದಲ್ಲಿ ಇದನ್ನು ಅತಿ ಹೆಚ್ಚು ಅಪಾಯದ ವರ್ಗಕ್ಕೆ ಹಾಕಿದರು. ನಾಟಿ ವೈದ್ಯ ಪರಂಪರೆಯನ್ನು ಉಳಿಸಲೆಂದು 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಎಂಬ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ಆಗುಂಬೆ, ತಲಕಾವೇರಿ, ಚಾರ್ಮಾಡಿ, ದೇವಿಮನೆಯಂಥ ಕಡೆ ಕಾಡಿನ ತುಂಡುಗಳನ್ನು ಔಷಧಿ ಸಸ್ಯಗಳಿಗಾಗಿಯೇ ಮೀಸಲಿಡಿಸಿತು. ನಮ್ಮ ಕುದುರೆಮುಖದಲ್ಲೂ ಅಂಥ ಜಾಗ ಇದೆ. ಇದು ಒಳ್ಳೆಯ ಕೆಲಸ. ಆದರೆ ದೇಶದೊಳಗಿನ ಬಳಕೆಗೆ ಚೀಲಗಳು ಓಡಾಡುತ್ತಲೇ ಇವೆ.

‘ಹಾಗಾದರೆ ಔಷಧಿ ಮಾಡುವವರು ಏನು ಮಾಡಬೇಕು?’ ಎಂದು ಆ ಕಡೆಯಿಂದ ವೈದ್ಯರೊಬ್ಬರು ಕೇಳುತ್ತಿದ್ದಾರೆ. ಬರ್ಬೆರಿನ್ ಒಂದೇ ಬೇಕಾದರೆ ಅದನ್ನು ರಾಸಾಯನಿಕವಾಗಿ ತಯಾರಿಸುತ್ತಾರೆ, ಅದಕ್ಕೆ ನಮ್ಮ ಕಾಡಿನ ಬಳ್ಳಿ ಕಡಿಯಬೇಕಾಗಿಲ್ಲ. ಇಡೀ ಕಾಂಡವೇ ಬೇಕು, ಅದರಲ್ಲಿ ಬೇರೆ ಸತ್ವಗಳೂ ಇವೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಹಾಗಿದ್ದರೆ ನಿಮ್ಮ ಅಜ್ಜನ ಕಾಲದ ವೈದ್ಯರು ಮಾಡಿದ್ದನ್ನೇ ಕೇಳುತ್ತೇನೆ: ಬೇಕಾದ ಅಂಗುಲದಷ್ಟು ಮಾತ್ರ, ಗೊತ್ತಿರುವ ಬಳ್ಳಿಯಿಂದ, ಬುಡ ಬಿಟ್ಟು. ಚೀಲದ ಲೆಕ್ಕದಲ್ಲಿ ಕೊಳ್ಳುವ ಕಾರ್ಖಾನೆಗಳು ತಮಗೆ ಬೇಕಾದದ್ದನ್ನು ತಾವೇ ಬೆಳೆಸಲಿ. ಹದಿನೈದು ವರ್ಷ ಕಾಯುವುದು ಕಾರ್ಖಾನೆಗೆ ಕಷ್ಟ, ನಿಜ. ಕಾಡಿಗೂ ಅದು ಅಷ್ಟೇ ಕಷ್ಟದ ಕೆಲಸವಾಗಿತ್ತು.

ಕೊನೆಗೆ ಒಂದು ಕೆಲಸದ ಮಾತು. ಹೊರಗೆ ಜಗಲಿಯಲ್ಲಿ ಕೆಲವು ಸಸಿಗಳನ್ನು ಇಟ್ಟಿದ್ದೇನೆ. ಅನುಮತಿ ಪಡೆದು, ಬೇರೆಬೇರೆ ಹೆಣ್ಣು ಬಳ್ಳಿಗಳ ಕೆಳಗೆ ಬಿದ್ದ ಹಣ್ಣು ಆರಿಸಿ ತಂದು ಮೊಳೆಸಿದವು. ನೆಟ್ಟ ಬೀಜದಲ್ಲಿ ಹೆಚ್ಚಿನವು ಬರಲೇ ಇಲ್ಲ, ಬಂದವು ಇಷ್ಟು. ಒಬ್ಬರಿಗೆ ಒಂದೇ. ಮನೆಯ ಅಂಗಳಕ್ಕೆ ಬೇಡ, ಕಾಫಿ ತೋಟದ ಅಂಚಿನಲ್ಲಿ ಕಾಡಿಗೆ ತಾಗಿದ ಕಡೆ, ಹಳೆಯ ಹಲಸೋ ಧೂಪವೋ ಇರುವಲ್ಲಿ ನೆಡಿ. ಸಿಲ್ವರ್ ಓಕಿಗೆ ಹಬ್ಬಿಸಬೇಡಿ, ಅದನ್ನು ನೀವೇ ಕೆಲವು ವರ್ಷಕ್ಕೆ ಕಡಿಸುತ್ತೀರಿ. ಮರದ ಬುಡದಿಂದ ಎರಡು ಮಾರು ದೂರ ಗುಂಡಿ, ನೀರು ನಿಲ್ಲಬಾರದು, ಮೊದಲ ಕೆಲವು ವರ್ಷ ನೆರಳು ಇರಲೇಬೇಕು. ಕಳೆ ಸವರುವ ಆಳುಗಳಿಗೆ ತೋರಿಸಿಡಿ, ಇಲ್ಲದಿದ್ದರೆ ಮೊದಲ ಮಳೆಗಾಲವೇ ಕತ್ತಿಗೆ ಹೋಗುತ್ತದೆ. ಪ್ರತಿ ಸಸಿಗೂ ತಗಡಿನ ಚೀಟಿ ಕಟ್ಟಿದ್ದೇನೆ, ಅದರಲ್ಲಿ ತಾಯಿ ಬಳ್ಳಿಯ ಸಂಖ್ಯೆ ಇದೆ. ಚೀಟಿ ಬಿಚ್ಚಬೇಡಿ. ಯಾರು ಯಾವ ಸಂಖ್ಯೆ ಒಯ್ದಿರಿ, ಎಲ್ಲಿ ನೆಟ್ಟಿರಿ ಎಂದು ಶಾಲೆಯ ಪುಸ್ತಕದಲ್ಲಿ ಬರೆಸಿ ಹೋಗಿ. ಸಹಿ ಮಾಡುವಾಗ ಮನೆಯ ಚಿಕ್ಕ ಮಗುವಿನ ಹೆಸರನ್ನೂ ಪಕ್ಕದಲ್ಲಿ ಬರೆಸಿ. ಹೂ ಬಂದ ವರ್ಷ ಗಂಡೋ ಹೆಣ್ಣೋ ಎಂದು ಆ ಪುಸ್ತಕದಲ್ಲಿ ತುಂಬಬೇಕಾದವರು ಅವರು. ಆ ಕಾಲಂ ಈಗ ಖಾಲಿ ಬಿಟ್ಟಿದ್ದೇನೆ.